ಎರಡು ವರ್ಷದ ವರದಿಗಾರ, ಎಂಟು ವರ್ಷದ ಮೇಯರ್

ದಾವಣಗೆರೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ತೈವಾನ್ ರಾಜಕೀಯದ ಮೇಲೆ ನಾವು ಹಾಕಿದ್ದ ಪುಟ್ಟ ಟಿಪ್ಪಣಿ ಓದಿ ಅವರಿಗೆ ಬೇಸರವಾಗಿದೆ. ‘ವು ಡನ್-ಯಿ ಅವರನ್ನು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ಪತ್ರಿಕೆಯ ವರದಿಗಾರರಾಗಿದ್ದವರು ದೊಡ್ಡ ನಗರದ ಮೇಯರ್ ಆದರು, ಪ್ರಧಾನಿ ಆದರು, ಉಪಾಧ್ಯಕ್ಷರೂ ಆದರು. ಪತ್ರಕರ್ತರಿಗೆ ಊರಿನ ಗಲ್ಲಿ ಗಲ್ಲಿ ಗೊತ್ತಿರುತ್ತದೆ, ಅಂಥವರೇ ಊರು ಆಳಬೇಕು. ನಿಮ್ಮ ಕಸುಬಿನವರ ಬಗ್ಗೆ ನಿಮಗೇ ಯಾಕೆ ಇಷ್ಟು ಜಿಪುಣತನ?’ ಎಂದು ಕೇಳಿದ್ದಾರೆ.

ಜಿಪುಣತನ ಅಲ್ಲ ಸ್ವಾಮಿ, ಜಾಗ ಇರಲಿಲ್ಲ. ಈಗ ಇದೆ, ಹೇಳುತ್ತೇನೆ. ಆದರೆ ಪೂರ್ತಿ ಕೇಳಿದ ಮೇಲೆ ನೀವು ಬಯಸಿದ ಹೆಮ್ಮೆ ಉಳಿಯುತ್ತದೋ ಇಲ್ಲವೋ, ಅದು ನಿಮಗೇ ಬಿಟ್ಟದ್ದು.

ವು ಹುಟ್ಟಿದ್ದು 1948ರಲ್ಲಿ, ನಾಂಟೋ ಎಂಬ ಜಿಲ್ಲೆಯಲ್ಲಿ. ಸುತ್ತ ಸಮುದ್ರ ಇರುವ ತೈವಾನಿನಲ್ಲಿ ಕರಾವಳಿಯೇ ಇಲ್ಲದ ಜಿಲ್ಲೆ ಅದೊಂದೇ. ಅಲ್ಲಿಂದ ರಾಜಧಾನಿ ತೈಪೆಗೆ ಹೋಗಿ ತೈವಾನ್ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದರು. ವಿದ್ಯಾರ್ಥಿಗಳ ಪತ್ರಿಕೆಯಲ್ಲಿ ಬರೆದ ಒಂದು ಲೇಖನ ಚಿಯಾಂಗ್ ಚಿಂಗ್-ಕುವೊ ಕಣ್ಣಿಗೆ ಬಿತ್ತು. ಆಗ ತೈವಾನ್ ಆಳುತ್ತಿದ್ದ ಚಿಯಾಂಗ್ ಕೈ-ಶೆಕ್ ಅವರ ಮಗ, ಮುಂದೆ ದೇಶದ ಅಧ್ಯಕ್ಷರಾದವರು ಅವರೇ. ಹುಡುಗ ಚುರುಕಾಗಿದ್ದಾನೆ ಎಂದು ಅವರಿಗೆ ಅನ್ನಿಸಿತು. ವು ಅವರ ಹಣೆಬರಹ ಬದಲಾದದ್ದು ಅಲ್ಲಿ. ಪತ್ರಿಕೆಯ ಕೆಲಸ ಸಿಕ್ಕಿದ್ದು ಆಮೇಲೆ.

ಓದು ಮುಗಿಸಿ ‘ಚೈನಾ ಟೈಮ್ಸ್’ ಸೇರಿದರು. ವರದಿಗಾರರಾಗಿ ಇದ್ದದ್ದು ಹೆಚ್ಚೆಂದರೆ ಎರಡು ವರ್ಷ. 1973ರ ಕೊನೆಯಲ್ಲಿ, 25ನೇ ವಯಸ್ಸಿಗೆ, ಆಳುವ ಕುವೊಮಿಂಟಾಂಗ್ ಪಕ್ಷದಿಂದ ತೈಪೆ ನಗರಸಭೆಗೆ ಆಯ್ಕೆಯಾದರು.

ಆಗ ತೈವಾನಿನಲ್ಲಿ ಪತ್ರಿಕೆ ಎಂದರೆ ಏನು ಎಂಬುದನ್ನು ಇಲ್ಲಿ ಹೇಳಲೇಬೇಕು. 1949ರಿಂದ 1987ರವರೆಗೆ ಅಲ್ಲಿ ಮಿಲಿಟರಿ ಕಾನೂನು ಇತ್ತು. ದಿನಪತ್ರಿಕೆಗಳ ಲೈಸೆನ್ಸು 31ಕ್ಕೆ ನಿಂತಿತ್ತು, ಹೊಸದಾಗಿ ಯಾರಿಗೂ ಕೊಡುತ್ತಿರಲಿಲ್ಲ. ಪುಟಗಳಿಗೂ ಮಿತಿ: ಕೊನೆಕೊನೆಗೆ ಹನ್ನೆರಡು, ಅದಕ್ಕಿಂತ ಒಂದು ಜಾಸ್ತಿ ಹಾಕುವಂತಿಲ್ಲ. ಈ ಕಟ್ಟು ಸಡಿಲವಾದದ್ದು 1988ರ ಜನವರಿ 1ಕ್ಕೆ. ಚೈನಾ ಟೈಮ್ಸ್ ಮಾಲೀಕರು ಕುವೊಮಿಂಟಾಂಗ್‌ನ ಕೇಂದ್ರ ಸ್ಥಾಯಿ ಸಮಿತಿಯಲ್ಲೂ ಕೂತಿದ್ದರು. ಹಾಗಾಗಿ ವರದಿಗಾರನ ಕುರ್ಚಿಯಿಂದ ನಗರಸಭೆಯ ಕುರ್ಚಿಗೆ ಹೋಗುವುದೆಂದರೆ ಒಂದೇ ಮನೆಯಲ್ಲಿ ಪಡಸಾಲೆಯಿಂದ ನಡುಮನೆಗೆ ಹೋದ ಹಾಗೆ. ಹೊಸ್ತಿಲು ದಾಟಿದ್ದು ನಿಜ, ಮನೆ ಬದಲಾಗಲಿಲ್ಲ.

ಇದನ್ನು ನಾನು ಸುಮ್ನೆ ಕೊಂಕು ತೆಗೆಯಲು ಹೇಳುತ್ತಿಲ್ಲ. ಅದೇ 1973ರ ತೈಪೆ ಚುನಾವಣೆಗೆ ಇನ್ನೊಬ್ಬರೂ ನಿಂತಿದ್ದರು. ಚಾಂಗ್ ಚುನ್-ಹುಂಗ್ ಅಂತ. ಅವರೂ ನಾಂಟೋದವರೇ, ಅದೇ ವಿಶ್ವವಿದ್ಯಾಲಯದವರೇ, ಬರೆಯುವವರೇ. ವು ಅವರಿಗಿಂತ ಹತ್ತು ವರ್ಷ ದೊಡ್ಡವರು. ಕುವೊಮಿಂಟಾಂಗ್‌ನಲ್ಲಿದ್ದವರು ಅದನ್ನು ಬಿಟ್ಟು ಹೊರಗಿನಿಂದ ಸ್ಪರ್ಧಿಸಿ ಸೋತರು. ಆರು ವರ್ಷದ ನಂತರ, 1979ರಲ್ಲಿ, ‘ಫಾರ್ಮೋಸಾ’ ಎಂಬ ಮಾಸಪತ್ರಿಕೆ ಶುರುವಾದಾಗ ಅದರ ಪ್ರಧಾನ ಸಂಪಾದಕರಾದರು.

ಆ ಪತ್ರಿಕೆ ಹೊರಬಂದದ್ದು ನಾಲ್ಕೇ ಸಂಚಿಕೆ. ಪತ್ರಿಕೆ ಅನ್ನುವುದು ಹೆಸರಿಗೆ ಮಾತ್ರ. ಊರೂರಲ್ಲಿ ಅದರ ಕಚೇರಿ ಇತ್ತು, ಹೊಸ ಪಕ್ಷ ಕಟ್ಟಲು ಬಿಡದ ಕಾಲದಲ್ಲಿ ಆ ಕಚೇರಿಗಳೇ ಪಕ್ಷದ ಕೆಲಸ ಮಾಡುತ್ತಿದ್ದವು. ಡಿಸೆಂಬರ್ 10, ಮಾನವ ಹಕ್ಕುಗಳ ದಿನ, ದಕ್ಷಿಣದ ಬಂದರು ನಗರ ಕಾವ್‌ಶುಂಗ್‌ನಲ್ಲಿ ಸಭೆ ಕರೆದರು. ಪೊಲೀಸರು ಸುತ್ತುವರಿದರು, ಗಲಾಟೆ ಆಯಿತು, ಮುಂದಾಳುಗಳನ್ನೆಲ್ಲ ಹಿಡಿದು ಒಳಗೆ ಹಾಕಿದರು. ಎಂಟು ಜನರಿಗೆ ಮಿಲಿಟರಿ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಸಂಪಾದಕ ಚಾಂಗ್‌ಗೆ 12 ವರ್ಷ ಶಿಕ್ಷೆ, ಹೊರಬಂದದ್ದು 1987ಕ್ಕೆ. ಆ ಹೊತ್ತಿಗೆ ವು ತಮ್ಮಿಬ್ಬರ ಊರಾದ ನಾಂಟೋಗೇ ಜಿಲ್ಲಾ ಮುಖ್ಯಸ್ಥರಾಗಿ ಆರನೇ ವರ್ಷ ನಡೆಯುತ್ತಿತ್ತು. ಒಂದೇ ಕಡೆಯಿಂದ ಬಂದ ಇಬ್ಬರು ಬರಹಗಾರರು. ಯಾರ ಕಸುಬಿನ ಬಗ್ಗೆ ಹೆಮ್ಮೆಪಡಲಿ, ನೀವೇ ಹೇಳಿ.

ಇನ್ನು ಮೇಯರ್ ವಿಷಯ. ನಮ್ಮಲ್ಲಿ ಮೇಯರ್ ಎಂದರೆ ಕಾರ್ಪೊರೇಟರ್‌ಗಳು ಆರಿಸಿದ, ಕೊರಳಲ್ಲಿ ಸರಪಳಿ ಹಾಕಿಕೊಂಡು ಹೆಚ್ಚಾಗಿ ಒಂದು ವರ್ಷ ಇದ್ದು ಹೋಗುವವರು ಕಣ್ಣ ಮುಂದೆ ಬರುತ್ತಾರೆ, ಅಲ್ವಾ? ಅಲ್ಲಿ ಹಾಗಲ್ಲ. ಬಜೆಟ್ಟು, ರಸ್ತೆ, ಶಾಲೆ, ಒಳಚರಂಡಿ ಎಲ್ಲ ಮೇಯರ್ ಕೈಯಲ್ಲೇ. ಇವತ್ತು ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ, ಬೇಡ ಅನ್ನಿಸಿದರೆ ನಡುವೆ ಕೆಳಗಿಳಿಸುತ್ತಾರೆ. 2020ರಲ್ಲಿ ಕಾವ್‌ಶುಂಗ್‌ನವರೇ ಹಾನ್ ಕುವೊ-ಯು ಅವರನ್ನು ಹಾಗೆ ಇಳಿಸಿದರು. ಆದರೆ 1990ರಲ್ಲಿ ವು ಕಾವ್‌ಶುಂಗ್‌ಗೆ ಮೇಯರ್ ಆಗಿ ಬಂದಾಗ ಯಾರೂ ಓಟು ಹಾಕಿರಲಿಲ್ಲ. ಸರ್ಕಾರ ನೇಮಿಸಿ ಕಳಿಸಿತ್ತು. ಕಡಲಿಲ್ಲದ ಜಿಲ್ಲೆಯವರು ಬಂದರು ನಗರಕ್ಕೆ ಬಂದರು.

ಸುಮಾರು 14 ಲಕ್ಷ ಜನರ ಊರು. ಆಗ ಹಾಂಕಾಂಗ್, ಸಿಂಗಪುರ ಬಿಟ್ಟರೆ ಕಂಟೇನರ್ ಸಾಗಣೆಯಲ್ಲಿ ಜಗತ್ತಿಗೇ ದೊಡ್ಡ ಬಂದರು. ಉಕ್ಕಿನ ಕಾರ್ಖಾನೆ, ತೈಲ ಶುದ್ಧೀಕರಣ ಘಟಕ, ಹಡಗುಕಟ್ಟೆ ಎಲ್ಲ ಇತ್ತು, ಕುಡಿಯಲು ನಲ್ಲಿ ನೀರು ಮಾತ್ರ ಆಗುತ್ತಿರಲಿಲ್ಲ. ನೀರು ಬರುವ ನದಿಯ ಮೇಲ್ಭಾಗದಲ್ಲಿ ಹಂದಿ ಸಾಕಣೆ ಜೋರು, ಅದರ ಕೊಳಕೆಲ್ಲ ನದಿಗೆ. ಜನ ಕ್ಯಾನು ಹಿಡಿದು ಹೋಗಿ ನೀರು ಕೊಂಡು ತರುತ್ತಿದ್ದರು. ಊರ ನಡುವೆ ಹರಿಯುವ ಲವ್ ನದಿಯ ಹೆಸರು ಮಾತ್ರ ಚೆಂದ, ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕಿತ್ತು. ಅದಕ್ಕೆ ಸೇರುವ ಕೊಳಚೆಯನ್ನು ತಡೆದು ಬೇರೆ ಕಡೆ ತಿರುಗಿಸುವ ಕೆಲಸ 1970ರ ದಶಕದ ಕೊನೆಯಲ್ಲೇ ಶುರುವಾಗಿತ್ತು. ವು ಕಾಲದಲ್ಲೂ ನಡೆಯಿತು. ಆದರೆ ದಡದಲ್ಲಿ ದೀಪ ಬಂದದ್ದು, ದೋಣಿ ಓಡಿದ್ದು, ಜನ ಸಂಜೆ ಕಾಫಿ ಕುಡಿಯಲು ಬಂದದ್ದು ಮುಂದಿನ ಮೇಯರ್ ಕಾಲದಲ್ಲಿ. ಹೆಸರೂ ಅವರಿಗೇ ಹೋಯಿತು. ಈ ವಿಷಯದಲ್ಲಿ ವು ಬಗ್ಗೆ ನನಗೆ ಸ್ವಲ್ಪ ಕನಿಕರವಿದೆ. ನೆಲದಡಿಯ ಪೈಪಿನ ಫೋಟೋವನ್ನು ನಾವು ಪತ್ರಿಕೆಯವರು ಮುಖಪುಟಕ್ಕೆ ಹಾಕುತ್ತೇವೆಯೇ? ಇಲ್ಲ. ಇದು ಮಾಜಿ ವರದಿಗಾರರಿಗೆ ಗೊತ್ತಿಲ್ಲದ್ದೇನಲ್ಲ.

1994ರಲ್ಲಿ ಜನರೇ ಮೇಯರ್ ಆರಿಸಿದಾಗ ವು ಆರಾಮಾಗಿ ಗೆದ್ದರು. ಎದುರಿಗೆ ಇದ್ದದ್ದು ಚಾಂಗ್ ಚುನ್-ಶ್ಯುಂಗ್ (ಸಂಪಾದಕ ಚಾಂಗ್ ಬೇರೆ, ಇವರು ಬೇರೆ), ಫಾರ್ಮೋಸಾ ಬಂಧಿತರ ಪರ ವಾದಿಸಿದ ವಕೀಲರಲ್ಲಿ ಒಬ್ಬರು. 1998ರಲ್ಲಿ ಎದುರಿಗೆ ಬಂದ ಫ್ರಾಂಕ್ ಶಿಯೆ ಅವರೂ ಅದೇ ಗುಂಪಿನ ವಕೀಲರು. ಮತದಾನ ಹತ್ತಿರ ಬಂದಾಗ ಒಂದು ಟೇಪು ಹೊರಬಿತ್ತು. ವು ಅವರಿಗೆ ವಿವಾಹದಾಚೆಯ ಸಂಬಂಧ ಇದೆ ಎನ್ನುವಂತೆ ಅದರಲ್ಲಿ ಮಾತುಗಳಿದ್ದವು. ಅದು ಕತ್ತರಿಸಿ ಜೋಡಿಸಿದ ಟೇಪು ಎಂದು ಆಮೇಲೆ ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ಎಣಿಕೆ ಮುಗಿದಿತ್ತು: 4,565 ಮತಗಳಿಂದ ಸೋತಿದ್ದರು. ಟೇಪು ಒಂದೇ ಕಾರಣ ಎಂದು ನಾನು ಹೇಳಲಾರೆ. ಎಂಟೂವರೆ ವರ್ಷ ಒಂದೇ ಮುಖ ನೋಡಿದ ಊರಿಗೆ ಬೇಸರವೂ ಬಂದಿರಬಹುದು. ಆದರೆ ಇಷ್ಟು ಕಡಿಮೆ ಅಂತರದಲ್ಲಿ ಒಂದು ಸುಳ್ಳಿಗೆ ಎಷ್ಟು ಬೆಲೆ ಇರುತ್ತದೆ ಎಂಬುದು ಪತ್ರಿಕೆಯಲ್ಲಿ ಕೆಲಸ ಮಾಡುವ ಯಾರಿಗಾದರೂ ಅರ್ಥವಾಗುತ್ತದೆ.

ಸೋಲಿನಿಂದ ಅವರು ಮನೆಗೇನೂ ಹೋಗಲಿಲ್ಲ. ನಾಂಟೋದಿಂದ ಸಂಸತ್ತಿಗೆ ಹೋದರು. 2009ರ ಆಗಸ್ಟ್‌ನಲ್ಲಿ ಮೊರಾಕೋಟ್ ಚಂಡಮಾರುತ ದಕ್ಷಿಣ ತೈವಾನನ್ನು ನುಂಗಿ ಹಾಕಿತು. ಸರ್ಕಾರ ನಿಧಾನ ಮಾಡಿತೆಂದು ಜನ ರೊಚ್ಚಿಗೆದ್ದು, ಪ್ರಧಾನಿ ಇಳಿದರು. ಆ ಜಾಗಕ್ಕೆ ಬಂದವರು ವು. 2012ರಿಂದ 2016ರವರೆಗೆ ಉಪಾಧ್ಯಕ್ಷರು. ತಮಾಷೆ ಎಂದರೆ, ಕಾವ್‌ಶುಂಗ್‌ನಲ್ಲಿ ಅವರ ಎದುರು ನಿಂತ ಚಾಂಗ್ ಚುನ್-ಶ್ಯುಂಗ್ ಮತ್ತು ಶಿಯೆ ಇಬ್ಬರೂ ಅವರಿಗಿಂತ ಮೊದಲೇ ಪ್ರಧಾನಿ ಆಗಿ ಇಳಿದಿದ್ದರು.

ನಿಮ್ಮ ಪತ್ರದಲ್ಲಿ ಇಲ್ಲದ ಹೆಸರೊಂದನ್ನು ನಾನು ಸೇರಿಸುತ್ತೇನೆ. ಚೆನ್ ಚು. 1979ರಲ್ಲಿ ಫಾರ್ಮೋಸಾದ ಕಾವ್‌ಶುಂಗ್ ಕಚೇರಿಯ ಉಪ ಮುಖ್ಯಸ್ಥೆ. ಅವರಿಗೂ 12 ವರ್ಷ ಶಿಕ್ಷೆ, ಆರು ವರ್ಷಕ್ಕೂ ಜಾಸ್ತಿ ಒಳಗಿದ್ದರು. 2006ರಲ್ಲಿ ಅದೇ ಊರಿನ ಮೇಯರ್ ಚುನಾವಣೆಯನ್ನು 1,114 ಮತಗಳಿಂದ ಗೆದ್ದು, 2018ರವರೆಗೆ ಆಳಿದರು. ಅಂದು ಗಲಾಟೆ ನಡೆದ ಜಾಗದ ಕೆಳಗೆ ಈಗ ಮೆಟ್ರೋ ನಿಲ್ದಾಣ ಇದೆ. ಅದಕ್ಕೆ ಪತ್ರಿಕೆಯ ಹೆಸರನ್ನೇ ಇಟ್ಟಿದ್ದಾರೆ. ಮೇಲೆ 30 ಮೀಟರ್ ಅಗಲದ ಬಣ್ಣದ ಗಾಜಿನ ಛಾವಣಿ. ಪ್ರವಾಸಿಗರು ತಲೆ ಎತ್ತಿ ಫೋಟೋ ತೆಗೆದುಕೊಳ್ಳುತ್ತಾರೆ.

ಪತ್ರಕರ್ತರೇ ಆಳಬೇಕು ಎನ್ನುವ ನಿಮ್ಮ ಮಾತಿಗೆ ಇವತ್ತಿನ ಉದಾಹರಣೆ ಬೇಕಿದ್ದರೆ ಲು ಶ್ಯೋ-ಯೆನ್ ಇದ್ದಾರೆ. ಟಿವಿ ವರದಿಗಾರ್ತಿ ಆಗಿದ್ದವರು, 2018ರಲ್ಲಿ ತೈಚುಂಗ್ ನಗರದ ಮೇಯರ್ ಆಗಿ 2022ರಲ್ಲಿ ಮತ್ತೆ ಗೆದ್ದರು. ನಡುವೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ಶಾಸಕಿಯಾಗಿ ಪಕ್ಷದ ಕೆಲಸ ಮಾಡಿದ್ದಾರೆ. ನನ್ನನ್ನು ಕೇಳಿದರೆ ಮೇಯರ್ ಮಾಡಿದ್ದು ಆ ಇಪ್ಪತ್ತು ವರ್ಷ, ಮೈಕು ಅಲ್ಲ. ವು ವಿಷಯದಲ್ಲೂ ನನ್ನ ಲೆಕ್ಕ ಇದೇ.

ಕೊನೆಗೆ ವು ಏನಾದರು ಎಂದೂ ಕೇಳಿದ್ದೀರಿ. 2017ರಲ್ಲಿ ಕುವೊಮಿಂಟಾಂಗ್ ಅಧ್ಯಕ್ಷರಾದರು. ಅಲ್ಲಿ ಸಂಸತ್ತಿನ ಕೆಲವು ಸೀಟು ಪಕ್ಷಕ್ಕೆ ಬಿದ್ದ ಓಟಿನ ಲೆಕ್ಕದಲ್ಲಿ, ಪಕ್ಷದ ಪಟ್ಟಿಯ ಮೇಲಿನಿಂದ ಕೆಳಕ್ಕೆ ಹೋಗುತ್ತವೆ. 2020ರ ಸಂಸತ್ ಚುನಾವಣೆಗೆ ಆ ಪಟ್ಟಿ ಮಾಡುವಾಗ ತಮ್ಮ ಹೆಸರನ್ನೂ ಗೆಲ್ಲುವ ಜಾಗದಲ್ಲಿ ಇಟ್ಟುಕೊಂಡರು. ಪಕ್ಷದೊಳಗೇ ಗೊಣಗಾಟ ಎದ್ದಿತು, 14ನೇ ಜಾಗಕ್ಕೆ ಇಳಿದರು. ಪಟ್ಟಿಯಿಂದ ಪಕ್ಷಕ್ಕೆ ಸಿಕ್ಕಿದ್ದು 13 ಸೀಟು. ಅಧ್ಯಕ್ಷಗಿರಿಗೂ ರಾಜೀನಾಮೆ ಕೊಟ್ಟರು.

— ಸಂ.