ಅಂಪೈರ್ ಬೆರಳೆತ್ತಿದಾಗ ಬಣ್ಣದ ಅನುಮಾನ ಬಂದರೆ

ನಮಸ್ಕಾರ. ಮೆಲ್ಬರ್ನ್‌ಗೆ ಬಂದ ಮೊದಲ ಬೇಸಿಗೆಯಲ್ಲೇ ನಿಮ್ಮ ಮಗನಿಗೆ ಒಳ್ಳೆಯ ಕ್ರಿಕೆಟ್ ಕ್ಲಬ್ ಸಿಕ್ಕಿದ್ದು ಕೇಳಿ ಸಂತೋಷವಾಯಿತು. ಒಬ್ಬರೇ ಅಂಪೈರ್ ಅವನಿಗೆ ಎರಡು ಸಲ ಎಲ್‌ಬಿಡಬ್ಲ್ಯು ಕೊಟ್ಟರು, ಎರಡೂ ಸಲ ಚೆಂಡು ಲೆಗ್ ಸ್ಟಂಪಿನ ಆಚೆ ಹೋಗುತ್ತಿತ್ತು (ಸ್ಟಂಪಿಗೆ ಬಡಿಯುವಂತಿದ್ದ ಚೆಂಡನ್ನು ಕಾಲು ತಡೆದರೆ ಮಾತ್ರ ಆ ಔಟ್), ಅವರು ಬಿಳಿಯರು, ಇದು ಜನಾಂಗಭೇದವೇ, ಹೌದಾದರೆ ಸುಮ್ಮನಿರಬೇಕೇ ಎಂದು ಕೇಳಿದ್ದೀರಿ. ನಾನು ಬಹಳ ವರ್ಷಗಳಿಂದ ಇಲ್ಲಿದ್ದೇನೆ, ಶನಿವಾರಗಳಂದು ನಮ್ಮ ಕ್ಲಬ್ಬಿನ ಸ್ಕೋರ್ ಬರೆಯುತ್ತೇನೆ. ಇದೇ ಪ್ರಶ್ನೆಯನ್ನು ಹೊಸದಾಗಿ ಬಂದ ಎಷ್ಟೋ ತಂದೆ ತಾಯಂದಿರು ನನ್ನ ಪಕ್ಕ ಕುಳಿತು ಕೇಳಿದ್ದಾರೆ.

ಎರಡು ತೀರ್ಪುಗಳಿಂದ ಅದನ್ನು ಹೇಳಲಾಗದು. ಹಾಗೆಂದು ನಿಮ್ಮ ಅನುಮಾನ ಆಧಾರವಿಲ್ಲದ್ದೂ ಅಲ್ಲ. "ಈ ದೇಶದಲ್ಲಿ ಅಂಥದ್ದೆಲ್ಲ ಇಲ್ಲ" ಎಂದು ಬಾಯಿ ಮುಚ್ಚಿಸುವ ನಮ್ಮವರೇ ನಿಮಗೆ ಸಿಗುತ್ತಾರೆ. ಅವರ ಮಾತಿಗೆ ಕಿವಿಗೊಡಬೇಡಿ.

ನಿಮ್ಮ ಊರಿನ ದೊಡ್ಡ ಕ್ರಿಕೆಟ್ ಮೈದಾನ ಎಂಸಿಜಿಯಲ್ಲೇ 1995ರ ಡಿಸೆಂಬರ್ 26ರಂದು ನಡೆದದ್ದನ್ನು ನೋಡಿ. ಆಸ್ಟ್ರೇಲಿಯಾದ ಅಂಪೈರ್ ಡ್ಯಾರೆಲ್ ಹೇರ್ ಬೌಲರ್ ತುದಿಯಲ್ಲಿ ನಿಂತು, ಮಡಚಿದ ಮೊಣಕೈಯನ್ನು ನೆಟ್ಟಗೆ ಮಾಡುತ್ತ ಚೆಂಡನ್ನು ಎಸೆಯುತ್ತಿದ್ದಾರೆ ಎಂದು ಶ್ರೀಲಂಕಾದ ಸ್ಪಿನ್ನರ್ ಮುತ್ತಯ್ಯ ಮುರಳೀಧರನ್ ಅವರಿಗೆ ಮೂರು ಓವರುಗಳಲ್ಲಿ ಏಳು ಸಲ ನೋಬಾಲ್ ಕೊಟ್ಟರು. ಬೌಲರನ ಮೊಣಕೈಯ ಮೇಲೆ ಕಣ್ಣಿಡುವುದು ಸಾಮಾನ್ಯವಾಗಿ ಸ್ಕ್ವೇರ್ ಲೆಗ್ಗಿನಲ್ಲಿರುವ ಅಂಪೈರ್. ನಾಯಕ ರಣತುಂಗ ಮುರಳಿಯನ್ನು ಇನ್ನೊಂದು ತುದಿಗೆ ಕಳಿಸಿದರು. ಅಲ್ಲಿದ್ದ ನ್ಯೂಜಿಲೆಂಡಿನ ಸ್ಟೀವ್ ಡನ್ ಚಕಾರವೆತ್ತಲಿಲ್ಲ. ಅದೇ ಮೈದಾನ, ಅದೇ ದಿನ, ಅದೇ ತೋಳು! ಲಂಕೆಯಲ್ಲಿ ಅನೇಕರು ಇದನ್ನು ಜನಾಂಗಭೇದವೆಂದೇ ನಂಬಿದರು. ತಾನು ನಿಯಮವನ್ನಷ್ಟೇ ಪಾಲಿಸಿದ್ದಾಗಿ ಹೇರ್ ಹೇಳಿದರು. ಅವರ ಎದೆ ಬಗೆದು ನೋಡಲು ಯಾರಿಂದಲೂ ಆಗಲಿಲ್ಲ, ಆಗುವುದೂ ಇಲ್ಲ. ಉತ್ತರ ಬಂದದ್ದು ಪ್ರಯೋಗಾಲಯದಿಂದ. ಮುರಳಿಯ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗದು ಎಂದು ಅಲ್ಲಿ ತಿಳಿಯಿತು. ಮುಂದೆ ಹಲವರ ತೋಳುಗಳನ್ನು ಅಳೆದಾಗ, ಶುದ್ಧ ಶೈಲಿಯವರೆಂದು ನಾವು ಹೊಗಳುತ್ತಿದ್ದ ಬೌಲರುಗಳ ಕೈಯೂ ಒಂದಿಷ್ಟು ಮಡಚಿ ನೆಟ್ಟಗಾಗುವುದು ಕಂಡಿತು. 2005ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಐಸಿಸಿ, ಮೊಣಕೈ ನೆಟ್ಟಗಾಗುವುದಕ್ಕೆ ಎಲ್ಲರಿಗೂ 15 ಡಿಗ್ರಿಯ ಮಿತಿ ಇಟ್ಟಿತು. ಮುರಳಿ 800 ಟೆಸ್ಟ್ ವಿಕೆಟ್ ಪಡೆದು ನಿವೃತ್ತರಾದರು. ಅಷ್ಟಾದರೂ ಆ ಏಳು ನೋಬಾಲುಗಳನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯನ್ನು ಕನ್ನಡಿಗರಿಗೆ ನೆನಪಿಸಬೇಕಿಲ್ಲ. 2008ರ ಸಿಡ್ನಿ ಟೆಸ್ಟಿನಲ್ಲಿ ನಮ್ಮ ಕುಂಬ್ಳೆ ನಾಯಕ. ಆಸ್ಟ್ರೇಲಿಯಾದ ಬ್ಯಾಟರ್ ಸೈಮಂಡ್ಸ್ 30ರಲ್ಲಿದ್ದಾಗ ಬ್ಯಾಟ್ ಸವರಿದ ಚೆಂಡು ಧೋನಿಯ ಕೈಸೇರಿತು, ಔಟ್ ಕೊಡಲಿಲ್ಲ. ಅವರು ಅಜೇಯ 162 ಹೊಡೆದರು. ಕೊನೆಯ ದಿನ ದ್ರಾವಿಡ್ ಬ್ಯಾಟನ್ನು ಪ್ಯಾಡಿನ ಹಿಂದೆ ಇಟ್ಟಿದ್ದರು, ಚೆಂಡು ತಾಗಿದ್ದು ಪ್ಯಾಡಿಗೆ, ತೀರ್ಪು ಕ್ಯಾಚ್ ಔಟ್. ಎರಡೂ ಸಲ ಅಂಪೈರ್ ಜಮೈಕಾದ ಕಪ್ಪುವರ್ಣೀಯ ಸ್ಟೀವ್ ಬಕ್ನರ್. ತಾನು ತಪ್ಪಿದ್ದಾಗಿ ಅವರೇ 2020ರಲ್ಲಿ ಒಪ್ಪಿಕೊಂಡರು. ನಮಗೆ ಘೋರ ಅನ್ಯಾಯವಾಯಿತು, ನಿಜ. ಆದರೆ ಅದನ್ನು ಚರ್ಮದ ಬಣ್ಣದಿಂದ ವಿವರಿಸಲಾಗದು.

ಹಾಗಾದರೆ ಭೇದ ಬರೀ ಊಹೆಯೇ? ಅಲ್ಲ. ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲಿನ ಹದಿಮೂರು ಋತುಗಳ ಲೆಕ್ಕವನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಜಾಲಾಡಿದಾಗ, ರೆಫರಿಗಳು ತಮ್ಮ ಜನಾಂಗದವರಲ್ಲದ ಆಟಗಾರರಿಗೆ ಸ್ವಲ್ಪ ಹೆಚ್ಚು ಫೌಲ್ ಕೊಡುತ್ತಿದ್ದದ್ದು ಕಂಡಿತು. ಬೇಕೆಂದೇ ಮಾಡಿದ್ದಲ್ಲ, ಕ್ಷಣಾರ್ಧದ ತೀರ್ಪಿನಲ್ಲಿ ನುಸುಳಿದ್ದು. 2007ರಲ್ಲಿ ಇದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲಿನ ವರ್ಷಗಳನ್ನು ಪರಿಶೀಲಿಸಿದಾಗ ಆ ವ್ಯತ್ಯಾಸ ಮಾಯವಾಗಿತ್ತು! ನನಗೆ ಇಷ್ಟು ಭರವಸೆ ಕೊಟ್ಟ ಸಂಗತಿ ಬೇರೊಂದಿಲ್ಲ. ಯಾರನ್ನೂ ದುಷ್ಟರೆಂದು ಸಾಬೀತು ಮಾಡದೆ, ತೀರ್ಪುಗಳನ್ನು ಎಣಿಸಿ ಎದುರಿಗಿಟ್ಟದ್ದರಿಂದಲೇ ಆದ ಬದಲಾವಣೆ ಅದು.

ಅದನ್ನೇ ನೀವೂ ಮಾಡಿ. ಸ್ಕೋರರ್ ಪಕ್ಕ ಕುಳಿತು ಆ ಅಂಪೈರ್ ಇರುವ ಪ್ರತಿ ಪಂದ್ಯದ ತೀರ್ಪುಗಳನ್ನು, ಎರಡೂ ತಂಡಗಳವನ್ನು, ಬರೆದಿಡಿ. ಕೊಡದ ಎಲ್‌ಬಿಡಬ್ಲ್ಯುಗಳನ್ನೂ ಬರೆಯಿರಿ. ಸ್ಕೋರ್ ಪುಸ್ತಕದಲ್ಲಿ ಅವು ಇರುವುದಿಲ್ಲ, ವಾಲಿಕೆ ಅಡಗುವುದು ಹೆಚ್ಚಾಗಿ ಅಲ್ಲಿಯೇ. ಋತುವಿನುದ್ದಕ್ಕೂ ಒಂದೇ ಕಡೆ ವಾಲಿದ್ದು ಕಂಡರೆ ಆ ಹಾಳೆಯನ್ನು ಕ್ಲಬ್ ಕಾರ್ಯದರ್ಶಿಯ ಮೂಲಕ ಸ್ಪರ್ಧೆ ನಡೆಸುವ ಸಂಘಕ್ಕೆ ಕಳಿಸಿ. ಅದರಲ್ಲಿ ಯಾರ ಮೇಲೂ ಜನಾಂಗಭೇದದ ಆರೋಪ ಹೊರಿಸಬೇಡಿ. ಆರೋಪ ಹೊರಿಸಿದರೆ ಚರ್ಚೆ ಆ ವ್ಯಕ್ತಿಯ ಗುಣದ ಕಡೆ ಹೊರಳುತ್ತದೆ, ನಿಮ್ಮ ಮಗನ ಎಲ್‌ಬಿಡಬ್ಲ್ಯು ಮೂಲೆಗುಂಪಾಗುತ್ತದೆ.

ಇಷ್ಟೆಲ್ಲ ತಾಳ್ಮೆ ತೀರ್ಪಿನ ವಿಷಯಕ್ಕೆ ಮಾತ್ರ. ಅಂಪೈರಾಗಲಿ, ಎದುರಾಳಿಯಾಗಲಿ, ಬೇಲಿಯಾಚೆ ನಿಂತವರಾಗಲಿ ಹುಡುಗನ ಬಣ್ಣ, ದೇಶ ಎತ್ತಿ ಬೈದರೆ ಒಂದು ಓವರೂ ಕಾಯಬೇಡಿ. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಭಾರತದ ಬೌಲರ್ ಸಿರಾಜ್ ಪ್ರೇಕ್ಷಕರ ನಿಂದನೆಯ ಬಗ್ಗೆ ನೇರವಾಗಿ ಅಂಪೈರ್ ಬಳಿ ಹೋಗಿ ದೂರಿದರು, ಆಟ ನಿಂತಿತು. ಆಟಗಾರರನ್ನು ಜನಾಂಗದ ಹೆಸರಿನಲ್ಲಿ ನಿಂದಿಸಿದ್ದು ನಿಜವೆಂದು ಕ್ರಿಕೆಟ್ ಆಸ್ಟ್ರೇಲಿಯಾ ಆಮೇಲೆ ಒಪ್ಪಿಕೊಂಡಿತು. ನಿಮ್ಮ ಮಗನೂ ತನ್ನ ನಾಯಕನಿಗೆ ಆಗಲೇ ಹೇಳಲಿ. ಅಂದೇ ಸಂಜೆ ನೀವು ಕೇಳಿದ ಮಾತು, ಹೊತ್ತು, ಸಾಕ್ಷಿಗಳ ಹೆಸರು ಬರೆದು ಕ್ಲಬ್ಬಿಗೆ ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗವಿದೆ, 1975ರ ಜನಾಂಗ ತಾರತಮ್ಯ ಕಾಯ್ದೆಯಿದೆ. ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವೀಸಾ ಮೇಲೆ ಬಂದವರಿಗೇಕೆ ಈ ಉಸಾಬರಿ ಎಂದು ಹಿಂಜರಿಯಬೇಡಿ. ಪೌರರಲ್ಲದವರಿಗೂ ಆ ಹಕ್ಕಿದೆ.