ನಿಂತ ಲಾರಿಯ ಲೆಕ್ಕ

ಓದುಗರ ಪತ್ರ: ಹನ್ನೊಂದು ವರ್ಷ ಬೇರೆಯವರ ಲಾರಿ ಓಡಿಸಿದ್ದೇನೆ. ಈಗ ಸ್ವಂತಕ್ಕೊಂದು ಹತ್ತು ಚಕ್ರದ ಲಾರಿ ಕೊಳ್ಳಬೇಕೆಂದಿದ್ದೇನೆ. ಕೈಯಲ್ಲಿ 8 ಲಕ್ಷ ರೂಪಾಯಿ ಇದೆ. ಹೊಸದಕ್ಕೆ ಬಾಡಿ ಸೇರಿ 38 ಲಕ್ಷ ಹೇಳುತ್ತಾರೆ. ಹಾಸನದಲ್ಲಿ ನೋಡಿಟ್ಟಿರುವ 2019ರ ಲಾರಿಗೆ 14 ಲಕ್ಷ. ಮನೆಯವರು ಹೊಸದೇ ಆಗಲಿ ಎನ್ನುತ್ತಾರೆ. ತಾವೇನು ಹೇಳುತ್ತೀರಿ?
— ಲಾರಿ ಚಾಲಕ, ಆಲೂರು

ಸಂಪಾದಕರ ಉತ್ತರ:

ಹೊಸ ಲಾರಿಯ ಪರವಾಗಿ ಹೇಳಬೇಕಾದದ್ದನ್ನು ಮೊದಲೇ ಹೇಳಿ ಮುಗಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಲಾರಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ, ಅದೇ ಅಕ್ಟೋಬರ್‌ನಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ, ವಾರಂಟಿಯೂ ಇರುತ್ತದೆ. ಹಾರ ಹಾಕಿಸಿಕೊಂಡ ಹೊಸ ಲಾರಿ ಬಾಗಿಲಿಗೆ ಬರಲಿ ಎಂಬ ಮನೆಯವರ ಆಸೆಯಲ್ಲೂ ತಪ್ಪಿಲ್ಲ. ಆದರೆ ಡೀಸೆಲ್, ಟೈರು, ಟೋಲ್ ಎಲ್ಲವನ್ನೂ ಬರೆದಿರುವ ನಿಮ್ಮ ದೀರ್ಘ ಪತ್ರದಲ್ಲಿ (ಮೇಲಿರುವುದು ಅದರ ಸಾರಾಂಶವಷ್ಟೇ) ಲಾರಿ ನಿಲ್ಲುವ ದಿನದ ಲೆಕ್ಕ ಎಲ್ಲಿಯೂ ಇಲ್ಲ. ಇಷ್ಟು ವರ್ಷ ಸ್ಟಿಯರಿಂಗ್ ಹಿಡಿದವರು ಇದನ್ನು ಮರೆಯಬಾರದಿತ್ತು. ಬೇರೆಯವರ ಲಾರಿ ನಿಂತರೆ ಚಾಲಕನಿಗೆ ಒಂದು ನಿದ್ದೆ ಸಿಗುತ್ತಿತ್ತು, ಅದಕ್ಕೇ ಇರಬೇಕು.

ಅರಸೀಕೆರೆಯಲ್ಲಿದ್ದ ನನ್ನ ಸೋದರಮಾವ ಮೂರನೆಯ ಕೈಗೆ ಬಂದ ಆರು ಚಕ್ರದ ಲಾರಿಯಲ್ಲಿ ಕೊಬ್ಬರಿ ಸಾಗಿಸುತ್ತಿದ್ದರು. ಅವರ ಲೆಕ್ಕದ ಪುಸ್ತಕದಲ್ಲಿ ಬಾಡಿಗೆ ಸಿಕ್ಕ ದಿನಕ್ಕೆ ಮೊತ್ತ, ನಿಂತ ದಿನಕ್ಕೆ ಒಂದು ಸೊನ್ನೆ. ತಿಂಗಳ ಕೊನೆಗೆ ಸೊನ್ನೆಗಳನ್ನು ಎಣಿಸಿ, “ಒಂಬತ್ತು ದಿನ ನಿಂತೆವು, ಆದರೂ ಸಾಲದವರು ಯಾರೂ ಬಾಗಿಲು ತಟ್ಟಲಿಲ್ಲ ನೋಡು” ಎಂದು ಅತ್ತೆಗೆ ಹೇಳುತ್ತಿದ್ದರು.

ಆ ಸೊನ್ನೆಯ ಬೆಲೆಯನ್ನು ನಿಮ್ಮ ಅಂಕಿಗಳಲ್ಲೇ ನೋಡೋಣ. ಹೊಸದಕ್ಕೆ 30 ಲಕ್ಷ ಸಾಲ, ಶೇ 10 ಬಡ್ಡಿ, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 63,700 ರೂಪಾಯಿ. ಹಳೆಯದಕ್ಕೆ ಕೈಯಿಂದ 6 ಲಕ್ಷ ಕೊಟ್ಟು, 2 ಲಕ್ಷವನ್ನು ರಿಪೇರಿಗೆಂದು ತೆಗೆದಿರಿಸಿ, ಉಳಿದ 8 ಲಕ್ಷವನ್ನು ಶೇ 14ರ ದುಬಾರಿ ಬಡ್ಡಿಗೆ ಮೂರು ವರ್ಷಕ್ಕೆ ತಂದರೂ ಕಂತು ಸುಮಾರು 27,300. ಲಾರಿ ಕದಲದೆ ನಿಂತ ಒಂದು ದಿನಕ್ಕೆ ಬೀಳುವ ಕಂತಿನ ಪಾಲು ಹೊಸದರಲ್ಲಿ ಸುಮಾರು 2,100 ರೂಪಾಯಿ, ಹಳೆಯದರಲ್ಲಿ 900. ನಮ್ಮ ಸೀಮೆಯಲ್ಲಿ ಲಾರಿ ನಿಲ್ಲುವುದು ಅಪರೂಪವೇನಲ್ಲ. ಕಾಫಿಯ ಕೊಯ್ಲು ಮುಗಿಯುವುದು ಬೇಸಿಗೆಗೆ, ಮುಂಗಾರಿನ ಆಲೂಗಡ್ಡೆ ಹಾಸನದ ಎಪಿಎಂಸಿಗೆ ಬರುವುದು ಆಗಸ್ಟ್ ಹೊತ್ತಿಗೆ. ನಡುವಿನ ಮಳೆಯಲ್ಲಿ ಲೋಡು ಕಡಿಮೆ, ರಸ್ತೆಯೂ ನೆಚ್ಚಿಕೆಯದಲ್ಲ. 2024ರ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದಾದದ್ದನ್ನು, ಚಾರ್ಮಾಡಿಯಲ್ಲಿ ಭಾರಿ ವಾಹನಗಳನ್ನು ಬಿಡದಿರುವುದನ್ನು ನಾನು ನಿಮಗೆ ಹೇಳಿಕೊಡಬೇಕಿಲ್ಲ. ಆ ಮಳೆಗಾಲದಲ್ಲಿ ಕಂತು ಮಾತ್ರ ನಿಲ್ಲಲಿಲ್ಲ. ನನ್ನ ಪರಿಚಯದ ಸಕಲೇಶಪುರದ ಹುಡುಗನೊಬ್ಬ ಮೂರು ಕಂತು ತಪ್ಪಿಸಿ, ಒಂದೂವರೆ ವರ್ಷದ ಲಾರಿಯನ್ನು ಫೈನಾನ್ಸಿನವರ ಕೈಗೆ ಒಪ್ಪಿಸಿ, ಈಗ ಮತ್ತೆ ಸಂಬಳಕ್ಕೆ ಓಡಿಸುತ್ತಿದ್ದಾನೆ.

ಹಳೆಯ ಲಾರಿ ಕೆಟ್ಟು ನಿಲ್ಲುವುದಿಲ್ಲವೇ ಎಂದು ಕೇಳುತ್ತೀರಿ. ನಿಲ್ಲುತ್ತದೆ. ಕಂತಿನಲ್ಲಿ ತಿಂಗಳಿಗೆ ಉಳಿಯುವ 36 ಸಾವಿರ ಇರುವುದು ಅದಕ್ಕೇ. ನೀವು ನೋಡಿರುವುದು ಬಿಎಸ್-4, ಅಂದರೆ ಹೊಗೆ ಮಾಲಿನ್ಯದ ಹಿಂದಿನ ಮಾನದಂಡದ ಎಂಜಿನ್ನು. ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್‌ಗಳು ಹಾಸನದಲ್ಲಿ ಇನ್ನೂ ಇದ್ದಾರೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಯೂರಿಯಾ ದ್ರಾವಣದ ಟ್ಯಾಂಕು, ಹತ್ತಾರು ಸೆನ್ಸರ್‌ಗಳಿವೆ. ಗಾಳಿಗೆ ಇವು ಒಳ್ಳೆಯವೇ. ಆದರೆ ವಾರಂಟಿ ಮುಗಿದ ಮೇಲೆ ಘಾಟಿಯ ಏರಿನಲ್ಲಿ ಒಂದು ಸೆನ್ಸರ್ ಮುನಿಸಿಕೊಂಡು ಎಂಜಿನ್ನಿನ ಕಸುವು ತಗ್ಗಿದರೆ, ಸ್ಪ್ಯಾನರ್ ಹಿಡಿದವನಿಗಿಂತ ಮೊದಲು ಲ್ಯಾಪ್‌ಟಾಪ್ ತರುವವನನ್ನು ಕಾಯಬೇಕು.

ಹೊಸ ಲಾರಿಯ ಸವಕಳಿಯಿಂದ (ವರ್ಷ ವರ್ಷ ಇಳಿಯುವ ಬೆಲೆಯನ್ನು ಖರ್ಚೆಂದು ತೋರಿಸುವುದರಿಂದ) ತೆರಿಗೆ ಉಳಿಯುತ್ತದೆ ಎಂದು ಶೋರೂಮಿನವರು ಹೇಳಿದ್ದಾರೆಂದು ಬರೆದಿದ್ದೀರಿ. ನಿಮ್ಮಂಥ ಒಂದು ಲಾರಿಯ ಮಾಲೀಕರು ಸಾಮಾನ್ಯವಾಗಿ ಆರಿಸಿಕೊಳ್ಳುವ ಆದಾಯ ತೆರಿಗೆಯ ಅಂದಾಜು ಪದ್ಧತಿಯಲ್ಲಿ, 12 ಟನ್ ಮೀರಿದ ಲಾರಿಗೆ ಒಟ್ಟು ತೂಕದ (ಲಾರಿ, ಸರಕು ಎರಡೂ ಸೇರಿ) ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯವೆಂದು ಹಿಡಿಯುತ್ತಾರೆ. ಅಲ್ಲಿ ಸವಕಳಿಯನ್ನಾಗಲಿ ಬಡ್ಡಿಯನ್ನಾಗಲಿ ಬೇರೆಯಾಗಿ ಕಳೆಯಲು ಬರುವುದಿಲ್ಲ. ಶೋರೂಮಿನ ಕಾಫಿ ಕುಡಿದು ಬಂದವರು ಇದನ್ನು ಯಾರಾದರೂ ಆಡಿಟರ್ ಹತ್ತಿರ ಕೇಳಬಹುದಿತ್ತು.

ನನಗೆ ನಿಜವಾಗಿ ಸಿಟ್ಟು ಬರುವುದು ಬೇರೆ ಕಡೆ. ಡೀಸೆಲ್‌ಗೆ ನಗದು, ಫಾಸ್ಟ್ಯಾಗ್‌ಗೆ ಮುಂಗಡ, ಕಂತಿಗೆ ನಿಗದಿಯಾದ ತಾರೀಖು. ಆದರೆ ಇಳಿಸಿದ ಸರಕಿನ ಬಾಡಿಗೆಗೆ ಟ್ರಾನ್ಸ್‌ಪೋರ್ಟ್ ಆಫೀಸಿನ ಬೆಂಚಿನ ಮೇಲೆ ವಾರಗಟ್ಟಲೆ ಕೂರಬೇಕು. ಒಂದು ಲಾರಿಯ ಮಾಲೀಕ ದೊಡ್ಡ ಕಂಪನಿಗಳಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಾನೆ, ಅದೂ ತಾನು ಬಡ್ಡಿಗೆ ತಂದ ದುಡ್ಡಿನಲ್ಲಿ. ಕಂತು ದೊಡ್ಡದಾದಷ್ಟೂ ಸಿಕ್ಕ ದರಕ್ಕೆ ಲೋಡು ಹೊರುತ್ತಾನೆ, ಬ್ರೋಕರ್‌ಗೆ ಅದು ಮುಖ ನೋಡಿದರೇ ಗೊತ್ತಾಗುತ್ತದೆ. ಕಂತಿನ ಹೆದರಿಕೆ ಕಡಿಮೆ ಇರುವವನು ಮಾತ್ರ ‘ಈ ದರಕ್ಕೆ ಆಗುವುದಿಲ್ಲ’ ಎಂದು ಎದ್ದು ಬರಬಲ್ಲ.

ಆ 2019ರ ಲಾರಿಯ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಒಟ್ಟು ತೂಕ ಎಷ್ಟಿದೆ ನೋಡಿ. 2018ರ ಜುಲೈನಲ್ಲಿ ಇಂಥ ಹತ್ತು ಚಕ್ರದ, ಮೂರು ಆಕ್ಸಲ್‌ನವಕ್ಕೆ ಒಟ್ಟು ತೂಕದ ಮಿತಿ 25 ಟನ್ ಇದ್ದದ್ದು 28.5 ಆಯಿತು, ಹಳೆಯ ಅಂಕಿಯೇ ಉಳಿದಿದ್ದರೆ ಬೆಲೆ ಇಳಿಸಲು ಕೇಳಿ. ಹಳೆಯ ಸಾಲ ತೀರಿದ್ದಕ್ಕೆ ಫೈನಾನ್ಸಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬಾರದೆ ಮುಂಗಡ ಕೊಡಬೇಡಿ. ಎಂಟು ವರ್ಷ ದಾಟಿದ ಮೇಲೆ ಎಫ್‌ಸಿ (ಲಾರಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಪ್ರತಿ ವರ್ಷ ಮಾಡಿಸಬೇಕೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನೋಡಲು ಬೆಳಗಿನ ಆರಕ್ಕೇ ಹೋಗಿ, ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಅದರ ದೋಷ ಗೊತ್ತಾಗುವುದು ಆಗಲೇ. ನೀವು ಹೋಗುವಷ್ಟರಲ್ಲಿ ಬಾನೆಟ್ ಬೆಚ್ಚಗಿದ್ದರೆ ಏನೂ ಹೇಳದೆ ಮರಳಿ ಬನ್ನಿ, ಇನ್ನೊಂದು ದಿನ ಹೇಳದೆಯೇ ಹೋಗಿ.