ಜಲಮಂಡಳಿಯ ‘ಜಲ’, ಪಾಸ್‌ಪೋರ್ಟಿನ ‘ಲೆಟ್’

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಇಂಗ್ಲಿಷ್ ಸಿನಾನಿಮ್ (ಸಮಾನಾರ್ಥಕ ಪದ), ಆಂಟನಿಮ್‌ಗಳ (ವಿರುದ್ಧಪದ) ಗೋಳು. ಆರಿಸಿದ ಕೆಲವಕ್ಕೆ ಇಲ್ಲಿ ಉತ್ತರ ಇದೆ.

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಕೋಚಿಂಗ್‌ನಲ್ಲಿ ಕೊಟ್ಟ ಪಟ್ಟಿಯಿಂದ ದಿನಾ ಇಪ್ಪತ್ತು ಪದ ಬಾಯಿಪಾಠ ಮಾಡುತ್ತೇನೆ. ವಾರ ಕಳೆಯುವಷ್ಟರಲ್ಲಿ ಎಲ್ಲಾ ಮರೆತಿರುತ್ತದೆ. ಏನು ಮಾಡಲಿ ಮೇಷ್ಟ್ರೇ? (ವಿಜಯನಗರ)

ಆ ಪಟ್ಟಿಯಲ್ಲಿ ‘ಲೈಟ್’ ಎದುರು ಏನಿದೆ ನೋಡಿ. ‘ಡಾರ್ಕ್’ ಇರಬಹುದು, ‘ಹೆವಿ’ ಇರಬಹುದು. ಬಣ್ಣದ ಮಾತಾದರೆ ಡಾರ್ಕ್, ಲಗೇಜಿನ ಮಾತಾದರೆ ಹೆವಿ. ದರ್ಶಿನಿಯಲ್ಲಿ ಲೈಟ್ ಕಾಫಿ ಕೇಳುವವರ ಪಕ್ಕದಲ್ಲಿ ನಿಂತು ನೀವು ಕೇಳುವುದು ಸ್ಟ್ರಾಂಗ್. ‘ಓಲ್ಡ್’ ಕತೆಯೂ ಇಷ್ಟೇ. ಅಜ್ಜನ ವಿಷಯ ಬಂದರೆ ಎದುರು ಪದ ಯಂಗ್, ಬಸ್ಸಿನ ವಿಷಯ ಬಂದರೆ ನ್ಯೂ. ವಾಕ್ಯ ಗೊತ್ತಿಲ್ಲದೆ ವಿರುದ್ಧಪದ ಹೇಳಲು ಆಗುವುದೇ ಇಲ್ಲ. ಅದಕ್ಕೇ ನಿಮ್ಮ ಪಟ್ಟಿ ತಲೆಯಲ್ಲಿ ನಿಲ್ಲುತ್ತಿಲ್ಲ.

ಇಪ್ಪತ್ತು ಬೇಡ, ನಾಲ್ಕು ಸಾಕು. ಒಂದೊಂದಕ್ಕೂ ನಿಮ್ಮ ಬೀದಿ, ನಿಮ್ಮ ಮನೆಯ ಮೇಲೆ ಒಂದು ವಾಕ್ಯ ಬರೆಯಿರಿ. ಆ ಪದ ಯಾವ ಪದದ ಜತೆ ಓಡಾಡುತ್ತದೆ ಅನ್ನುವುದನ್ನೂ ಗುರುತು ಮಾಡಿಕೊಳ್ಳಿ. ಮಳೆಗೆ ‘ಹೆವಿ’ ಅನ್ನುತ್ತೇವೆ, ಗಾಳಿಗೆ ‘ಸ್ಟ್ರಾಂಗ್’. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಎಷ್ಟೇ ಹೊತ್ತು ನಿಂತರೂ ಅದು ‘ಹೆವಿ ಟ್ರಾಫಿಕ್’, ‘ಸ್ಟ್ರಾಂಗ್ ಟ್ರಾಫಿಕ್’ ಆಗುವುದಿಲ್ಲ. ಯಾಕೆ ಅಂದರೆ ಕಾರಣ ಇಲ್ಲ, ಬಳಕೆ ಹಾಗಿದೆ ಅಷ್ಟೆ. ಬ್ಯಾಂಕ್ ಪರೀಕ್ಷೆಯಲ್ಲೂ ಬಿಡಿ ಪದಕ್ಕಿಂತ ಪ್ಯಾಸೇಜಿನ ಒಳಗೆ ಜಾಗ ಬಿಟ್ಟು ಕೇಳುವುದು ಜಾಸ್ತಿ. ಅಲ್ಲಿ ಕೈಹಿಡಿಯುವುದು ಈ ಜೋಡಿಗಳೇ.

ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಒಂದು ಇಟ್ಟುಕೊಳ್ಳಿ. ಲಾಂಗ್‌ಮನ್‌ನವರದ್ದರಲ್ಲಿ ಸುಮಾರು 2000 ಸುಲಭ ಪದಗಳನ್ನು ಬಳಸಿಯೇ ಎಲ್ಲದರ ಅರ್ಥ ಹೇಳುತ್ತಾರೆ, ಉದಾಹರಣೆ ವಾಕ್ಯವನ್ನೂ ಕೊಡುತ್ತಾರೆ. ಹೊಸದೇ ಬೇಕಿಲ್ಲ. ಅವೆನ್ಯೂ ರಸ್ತೆಯಲ್ಲಿ ಹಳೆಯ ಪ್ರತಿ ಹುಡುಕಿ, ಚೌಕಾಸಿ ಮಾಡಿ ತನ್ನಿ.

ಪ್ರಶ್ನೆ: ಹೊಸ ಪಾಸ್‌ಪೋರ್ಟ್ ಬಂತು. ಒಳಗಡೆ ರಾಷ್ಟ್ರಪತಿಗಳ ಹೆಸರಿನಲ್ಲಿರುವ ಒಕ್ಕಣೆಯಲ್ಲಿ ‘ವಿದೌಟ್ ಲೆಟ್ ಆರ್ ಹಿಂಡ್ರೆನ್ಸ್’ ಅಂತಿದೆ. ‘ಲೆಟ್’ ಅಂದರೆ ಬಿಡು ಅಲ್ವಾ? ಬಿಡದೆ ಕಳಿಸಿ ಅಂತ ಬರೆದಿದ್ದಾರಾ? (ರಾಜಾಜಿನಗರ)

ಬಹಳ ಜನ ಪಾಸ್‌ಪೋರ್ಟಿನಲ್ಲಿ ತಮ್ಮ ಫೋಟೊ ಬಿಟ್ಟು ಬೇರೇನೂ ನೋಡುವುದಿಲ್ಲ. ನೀವು ಓದಿದ್ದೀರಿ, ಸಂತೋಷ.

ನೋಡಲು ಒಂದೇ ಥರ ಇದ್ದರೂ ಇವು ಎರಡು ಬೇರೆ ಪದಗಳು. ‘ಬಿಡು’ ಎನ್ನುವ ಲೆಟ್ ಒಂದು, ‘ಅಡ್ಡಿ’ ಎನ್ನುವ ಲೆಟ್ ಇನ್ನೊಂದು. ಹಳೆಯ ಇಂಗ್ಲಿಷಿನಲ್ಲಿ ಇವುಗಳ ಉಚ್ಚಾರವೂ ಬೇರೆ ಇತ್ತು. ಕಾಲಕಳೆದಂತೆ ಸವೆದು ಒಂದೇ ಆಗಿಬಿಟ್ಟವು. ಅಡ್ಡಿಯ ಲೆಟ್‌ಗೆ ತಡ ಎನ್ನುವ ‘ಲೇಟ್’ ಹತ್ತಿರದ ನೆಂಟ. ಒಬ್ಬರನ್ನು ತಡೆದರೆ ಅವರಿಗೆ ತಡವಾಗುತ್ತದೆ, ಅದೇ ಎಳೆ. ಹಾಗಾಗಿ ನಿಮ್ಮ ಪಾಸ್‌ಪೋರ್ಟ್ ಹೇಳುವುದು ‘ಅಡ್ಡಿ ಆತಂಕ ಇಲ್ಲದೆ ಹೋಗಗೊಡಿ’ ಎಂದು.

ಈ ಪದ ಈಗ ಮಾತಿನಲ್ಲಿ ಸತ್ತಿದೆ. ಕಾನೂನಿನ ಒಕ್ಕಣೆಯಲ್ಲಿ, ಆಟದ ಅಂಗಳದಲ್ಲಿ ಮಾತ್ರ ಉಸಿರಾಡುತ್ತಿದೆ. ಕಬ್ಬನ್ ಪಾರ್ಕಿನ ಟೆನ್ನಿಸ್ ಕೋರ್ಟಿಗೆ ಹೋಗಿ ಕೂತರೆ ಕೇಳಬಹುದು. ಸರ್ವ್ ಮಾಡಿದ ಚೆಂಡು ನೆಟ್‌ಗೆ ತಗುಲಿ ಸರಿಯಾದ ಜಾಗದಲ್ಲೇ ಬಿದ್ದರೆ ‘ಲೆಟ್’ ಅನ್ನುತ್ತಾರೆ, ಸರ್ವ್ ಮತ್ತೆ ಮಾಡಬೇಕು.

ನಿಮ್ಮ ಬೀದಿಯ ‘ಟು ಲೆಟ್’ ಬೋರ್ಡಿನಲ್ಲಿರುವುದು ಮಾತ್ರ ಮೊದಲನೆಯ ಲೆಟ್, ಬಾಡಿಗೆಗೆ ಬಿಟ್ಟುಕೊಡುವುದು. ಆದರೆ ಅದರ ಕೆಳಗೆ ಓನರ್ ಹಾಕಿರುವ ಷರತ್ತುಗಳನ್ನು ಓದಿದರೆ ಅಲ್ಲೂ ಅಡ್ಡಿ ಎನ್ನುವ ಅರ್ಥವೇ ಸರಿ ಅನ್ನಿಸುತ್ತದೆ.

ಇಂಥದ್ದೇ ಇನ್ನೊಂದು ‘ಸ್ಯಾಂಕ್ಷನ್’. ಇದು ಮಾತ್ರ ಎರಡಲ್ಲ, ಒಂದೇ ಪದ. ಬ್ಯಾಂಕಿನವರು ಸಾಲ ಸ್ಯಾಂಕ್ಷನ್ ಮಾಡಿದರೆ ಮಂಜೂರು. ಒಂದು ದೇಶದ ಮೇಲೆ ಸ್ಯಾಂಕ್ಷನ್ಸ್ ಹೇರಿದರೆ ನಿರ್ಬಂಧ. ಪೇಪರಿನಲ್ಲಿ ಎರಡೂ ಒಂದೇ ಪುಟದಲ್ಲಿ ಬರುತ್ತವೆ, ಹುಷಾರು.

ಪ್ರಶ್ನೆ: ಪೆಟ್ರೋಲ್ ಟ್ಯಾಂಕರ್ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಎಂದಿರುತ್ತದೆ. ‘ಇನ್’ ಬಂದರೆ ‘ಇಲ್ಲ’ ಅಂತ ಸ್ಕೂಲಲ್ಲಿ ಹೇಳಿಕೊಟ್ಟಿದ್ದರು. ಹಾಗಾದರೆ ಬೆಂಕಿ ಹತ್ತಲ್ಲ ಅಂತಾನಾ? (ಕೆ.ಆರ್. ಪುರ)

ದಯವಿಟ್ಟು ಆ ಟ್ಯಾಂಕರ್‌ನಿಂದ ದೂರ ಇರಿ! ಬೆಂಕಿ ಬಲು ಬೇಗ ಹತ್ತುತ್ತದೆ. ಇಲ್ಲಿಯ ‘ಇನ್’ ಇಲ್ಲ ಎನ್ನುವುದಲ್ಲ. ಲ್ಯಾಟಿನ್‌ನಲ್ಲಿ ‘ಹೊತ್ತಿಸು’ ಎನ್ನುವ ಪದದೊಳಗೇ ಅದು ಸೇರಿಕೊಂಡಿದೆ. ‘ಫ್ಲೇಮಬಲ್’ ಅಂದರೂ ಅದೇ ಅರ್ಥ. ನಿಮ್ಮ ಹಾಗೆ ಯಾರೂ ಗೊಂದಲಕ್ಕೆ ಬೀಳಬಾರದು ಅಂತ ಎಚ್ಚರಿಕೆ ಫಲಕಗಳಲ್ಲಿ ಈಗ ‘ಫ್ಲೇಮಬಲ್’ ಎಂದೇ ಬರೆಯುವುದು ಒಳ್ಳೆಯದು. ಬೆಂಕಿ ಹತ್ತದ್ದು ‘ನಾನ್‌ಫ್ಲೇಮಬಲ್’.

ಪ್ರಶ್ನೆ: ಮಗಳಿಗೆ ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಮೂರೂ ಒಂದೇ ಅಂತ ಹೇಳಿಕೊಟ್ಟಿದ್ದಾರೆ. ಒಂದೇ ಆದರೆ ಮೂರು ಯಾಕೆ ಬೇಕಿತ್ತು? (ಬಸವನಗುಡಿ)

ಮೂರೂ ಒಂದೇ ಅಲ್ಲ ಅಮ್ಮಾ. ಅಂಗಡಿಯಲ್ಲಿ ಬೆಲೆ ಆಸ್ಕ್ ಮಾಡುತ್ತೀರಿ. ಪೊಲೀಸರು ಆರೋಪಿಯನ್ನು ಇಂಟರಾಗೇಟ್ ಮಾಡುತ್ತಾರೆ. ಮಗಳು ತಡವಾಗಿ ಬಂದ ದಿನ ನೀವು ಮಾಡುವುದು ಎರಡರ ನಡುವೆ ಎಲ್ಲೋ ಇರುತ್ತದೆ.

1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅಲ್ಲಿಂದ ಬಹಳ ಕಾಲ ಆಸ್ಥಾನದಲ್ಲಿ ಫ್ರೆಂಚ್, ಚರ್ಚಿನಲ್ಲಿ, ಓದುಬರಹದಲ್ಲಿ ಲ್ಯಾಟಿನ್, ಮನೆ ಹೊಲದಲ್ಲಿ ಇಂಗ್ಲಿಷ್. ಆಸ್ಕ್ ಮನೆಯ ಪದ, ಕ್ವೆಶ್ಚನ್ ಫ್ರೆಂಚಿನಿಂದ ಬಂದದ್ದು, ಇಂಟರಾಗೇಟ್ ಲ್ಯಾಟಿನ್ನಿನದು. ರಾಜನಿಗೆ ಸೇರಿದ್ದು, ರಾಜನಿಗೆ ತಕ್ಕದ್ದು ಎನ್ನುವ ‘ಕಿಂಗ್ಲಿ’, ‘ರಾಯಲ್’, ‘ರೀಗಲ್’ ಕೂಡ ಹಾಗೇ ಬಂದು ಸಾಲಾಗಿ ನಿಂತವು. ನಮ್ಮಲ್ಲೂ ಬಿಲ್ ಕಳಿಸುವುದು ಜಲಮಂಡಳಿ. ಹಾಗಂತ ಬೆಳಿಗ್ಗೆ ಎದ್ದು ‘ಜಲ ಬಂತಾ?’ ಅಂತ ಪಕ್ಕದ ಮನೆಯವರನ್ನು ಯಾರೂ ಕೇಳಲ್ಲ. ನಿಮ್ಮ ಮಗಳಿಗೆ ಇದನ್ನೇ ಹೇಳಿ, ತಕ್ಷಣ ಹೊಳೆಯುತ್ತದೆ. ಸಿನಾನಿಮ್ ಕೊಟ್ಟಾಗಲೆಲ್ಲ ಇದು ಮನೆಯದೋ, ಆಫೀಸಿನದೋ ಎಂದು ಅವಳೇ ವಿಂಗಡಿಸಲಿ.

ಪ್ರಶ್ನೆ: ಮೀಟಿಂಗನ್ನು ಹೇಳಿದ ಹೊತ್ತಿಗಿಂತ ಮೊದಲೇ ಮಾಡೋಣ ಅನ್ನಲು ‘ಪ್ರೀಪೋನ್’ ಎಂದು ಮೇಲ್ ಬರೆದೆ. ಲಂಡನ್ನಿನ ಕ್ಲೈಂಟ್‌ಗೆ ಅರ್ಥವೇ ಆಗಲಿಲ್ಲ. ತಪ್ಪಾ? (ಎಚ್‌ಎಸ್‌ಆರ್ ಲೇಔಟ್)

ತಪ್ಪಲ್ಲ. ಆಕ್ಸ್‌ಫರ್ಡ್ ನಿಘಂಟಿನಲ್ಲೇ ಭಾರತೀಯ ಬಳಕೆ ಎಂಬ ಗುರುತಿನೊಂದಿಗೆ ಇದೆ. ಇಲ್ಲಿಯವರಿಗೆ ಧಾರಾಳವಾಗಿ ಬರೆಯಿರಿ. ಲಂಡನ್ನಿಗೆ ಬರೆಯುವಾಗ ‘ಬ್ರಿಂಗ್ ಫಾರ್ವರ್ಡ್’ ಅನ್ನಿ, ಜತೆಗೆ ನಾಲ್ಕರ ಬದಲು ಮೂರು ಗಂಟೆಗೆ ಎಂದು ಬಿಡಿಸಿ ಹೇಳಿ. ಅವರ ಮೂರೋ ನಮ್ಮ ಮೂರೋ, ಅದನ್ನೂ ಬರೆಯಿರಿ.